ಬಿಡು ಅಂದರೆ ಬಿಡಬೇಕು

ಆ ಭಾನುವಾರ ಬೆಳಿಗ್ಗೆ ಶಿರವಾಡದ ಜುಡೋ ಕ್ಲಾಸಿನ ಬಾಗಿಲಲ್ಲಿ ಲತಾ ಬಂದು ನಿಂತಾಗ ತುಳಸಿದಾಸ ಹುಡುಗಿಯರಿಗೆ ಬೀಳುವುದನ್ನು ಕಲಿಸುತ್ತಿದ್ದ. ಅವಳನ್ನು ಕಂಡವನು ತಾನೇ ಬೀಳುವ ಹಾಗಾದ.

ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡೇ ಬಂದಿದ್ದಳು.

“ನನ್ನ ಹೆಸರೂ ಬರ್ಕಳಿ, ಮಾಸ್ತರೇ.”

“ಈ ವಯಸ್ಸಿಗಾ?”

“ಮೂವತ್ನಾಲ್ಕು. ನಿಮಗಿಂತ ಎರಡು ಕಮ್ಮಿನೇ.”

ಕಾಲೇಜು ಹುಡುಗಿ ಮನಿಷಾ ಕಿಸಕ್ಕನೆ ನಕ್ಕಳು. “ಸರ್ ಕಿವಿ ಕೆಂಪಾತು, ನೋಡ್ರೇ!”

ಲತಾ ನಗಲಿಲ್ಲ. ಅವಳ ಅಣ್ಣ ಕಿಶನ ತೀರಿಕೊಂಡು ಇನ್ನೂ ಇಪ್ಪತ್ತು ದಿನ.

ಹದಿನಾಲ್ಕು ವರ್ಷದ ಹಿಂದೆ ಜುಡೋ ಅಭ್ಯಾಸ ಮಾಡುವಾಗ ಕಿಶನನ ಕುತ್ತಿಗೆಯ ಮೂಳೆ ಮುರಿದಿತ್ತು. ಕಾಲು ಜಾರಿ ಬಿದ್ದೆ ಎಂದು ಅವನೇ ಹೇಳಿದ್ದ. ಅಂದಿನಿಂದ ಕುತ್ತಿಗೆಯ ಕೆಳಗಿನ ಮೈ ಅಲ್ಲಾಡಲಿಲ್ಲ. ಅವನ ಗೆಳೆಯ ತುಳಸಿದಾಸ ಮಾತ್ರ ಒಂದು ದಿನವೂ ತಪ್ಪಿಸದೆ ಬೆಳಿಗ್ಗೆ ಆರಕ್ಕೆ ಬರುತ್ತಿದ್ದ. ಕಿಶನನನ್ನು ಎತ್ತಿ, ಮೈ ಒರೆಸಿ, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸಿ ಮಲಗಿಸುತ್ತಿದ್ದ. ಅಣ್ಣ ತಂಗಿಯ ತಾಯಿ, ಆಯಿ, ಅವನನ್ನು ತನ್ನ ಎರಡನೇ ಮಗ ಅನ್ನುತ್ತಿದ್ದಳು.

ಮಂಚದ ಆ ಬದಿ ಅವನು, ಈ ಬದಿ ಲತಾ. ಅವನು ಟವೆಲ್ ಹಿಂಡಿ ಕೊಡುವನು, ಇವಳು ಇಸಿದುಕೊಳ್ಳುವಳು. ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಗೋಡೆ ನೋಡುವರು.

“ನೀವಿಬ್ರೂ ನನ್ನ ಬೆನ್ನು ಒರೆಸ್ತ್ರೋ, ಗೋಡೆ ಒರೆಸ್ತ್ರೋ?” ಎಂದು ಕಿಶನ ಕೇಳುತ್ತಿದ್ದ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ, ಅಡುಗೆಮನೆಯಲ್ಲಿ ಚಾ ಸೋಸುತ್ತಿದ್ದ ಅವಳ ಕೈಯನ್ನು ಅವನು ಹಿಡಿದ. ಏನೋ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಹಿತ್ತಿಲಲ್ಲಿ ಆಯಿಯ ಕೊಡದ ಸದ್ದಾಯಿತು. “ಬಿಡು” ಅಂದಳು ಲತಾ. ಬೆಂಕಿ ಮುಟ್ಟಿದವನ ಹಾಗೆ ಬಿಟ್ಟ. ಅಂದಿನಿಂದ ಟವೆಲನ್ನೂ ಕೈಗೆ ಕೊಡದೆ ಹಾಸಿಗೆಯ ಮೇಲೆ ಇಡತೊಡಗಿದ. ಅವನಿಗೆ ಬೇಡವಾದೆನೋ ಏನೋ ಎಂದು ನಾಲ್ಕು ವರ್ಷ ಅವಳು ನುಂಗಿಕೊಂಡಳು.

ಈಗ ಕಿಶನನ ಹದಿಮೂರರ ಕಾರ್ಯ ಮುಗಿದಿತ್ತು. ತುಳಸಿದಾಸನಿಗೆ ಆ ಮನೆಗೆ ಬರಲು ಕಾರಣವೇ ಉಳಿದಿರಲಿಲ್ಲ. ಬರುವ ಶುಕ್ರವಾರ ಬಾಡಿಗೆ ಮನೆ ಖಾಲಿ ಮಾಡಿ ಆಯಿ, ಲತಾ ಇಬ್ಬರೂ ಬೇಲೆಕೇರಿಯ ಮಾವನ ಮನೆಗೆ ಹೋಗುವವರು. ಅಷ್ಟರೊಳಗೆ ಅವನ ಬಾಯಿಂದ ಒಂದು ಮಾತು ಕೇಳಲೇಬೇಕೆಂದು ಲತಾ ಬಂದಿದ್ದಳು.

“ಹೊಸಬ್ರಿಗೆ ಮೊದಲ ಪಾಠ ಹೇಳಿ,” ಎಂದ ಅವನು, ಅವಳ ಮುಖ ತಪ್ಪಿಸಿ.

ಹುಡುಗಿಯರು ಒಟ್ಟಿಗೆ ಕೂಗಿದರು: “ಬಿಡು ಅಂದರೆ ಬಿಡಬೇಕು!”

“ಯಾಕೆ ಅಂದ್ರಿ, ನಗಾಡ್ತಾ ಅಂದ್ರಾ ಅಂತ ಕೇಳೂಕಿಲ್ಲ,” ಎಂದು ಮನಿಷಾ ಸೇರಿಸಿದಳು. “ಇಲ್ಲಿ ಸುಮ್ನೆ ಮಾತಿಗೂ ಬಿಡೇ ಅನ್ನೂ ಹಾಂಗಿಲ್ಲ ಅಕ್ಕಾ. ಅಂದ್ರೆ ಸರ್ ಕ್ಲಾಸೇ ನಿಲ್ಲಿಸ್ತ್ರು.”

ತುಳಸಿದಾಸ ಹತ್ತಿರ ಬಂದು ಲತಾಳ ಕುರ್ತಾದ ಹೆಗಲನ್ನು ಎರಡೇ ಬೆರಳಲ್ಲಿ ಹಿಡಿದ.

“ಈಗ ಬಿಡು ಅನ್ನು.”

ಅವಳು ಅವನ ಕಣ್ಣನ್ನೇ ನೋಡಿದಳು. “ಅನ್ನೂದಿಲ್ಲ.”

“ಲತಾ...”

“ಅನ್ನೂದಿಲ್ಲ ಅಂದೆ.”

ಅವನೇ ಬೆರಳು ತೆಗೆದ. “ಎಲ್ರೂ ನೀರು ಕುಡ್ದ್ ಬನ್ನಿ,” ಎಂದ, ತಿರುಗಿ ನೋಡದೆ. ಹುಡುಗಿಯರು ಒಬ್ಬರನ್ನೊಬ್ಬರು ತಿವಿಯುತ್ತ ಹೊರಗೆ ಹೋದರು.

“ಆವತ್ತು ಆಯಿ ಬಂದ್ಳು ಅಂತ ಬಿಡು ಅಂದದ್ದು ಮಾರಾಯಾ. ನೀ ಬೇಡ ಅಂತಲ್ಲ. ಅಷ್ಟೂ ತಿಳೀಲಿಲ್ವಾ ನಿಂಗೆ?”

ಅವನು ಚಾಪೆಯ ಮೇಲೆ ಕುಸಿದು ಕೂತ.

“ತಿಳ್ಕಣೂಕೆ ಹೆದರಿಕೆ,” ಎಂದ. “ಹಿಂದೆ ಒಂದ್ಸಲ ಆ ಮಾತಿಗೆ ನಂದೇ ಅರ್ಥ ಹಚ್ಚಿದ್ದೆ.”

ಆಮೇಲೆ ಹೇಳತೊಡಗಿದ. ಅಪ್ಪನ ಜೊತೆ ದಂಡೆಯಲ್ಲಿ ಬಲೆ ಎಳೆದೆಳೆದು ಅವನ ಕೈ ಚಿಕ್ಕಂದಿನಲ್ಲೇ ಗಟ್ಟಿಯಾಗಿತ್ತು. ಆ ಹಿಡಿತ ನೋಡಿಯೇ ಹಳೆಯ ಮಾಸ್ತರು ಅವನನ್ನು ಜುಡೋಗೆ ಸೇರಿಸಿಕೊಂಡರು. ಮಾಸ್ತರ ಪಾಠ ಒಂದೇ, ಬಿಟ್ಟವನು ಸೋತ. ಪಂದ್ಯಕ್ಕೆ ವಾರ ಇರುವಾಗ ಒಂದು ಸಂಜೆ ಕಿಶನನ ಕುತ್ತಿಗೆ ಅವನ ತೋಳಲ್ಲಿತ್ತು.

“ಬಿಡಾ ಅಂದ. ಎರಡು ಸಲ ಅಂದ. ನಾಟಕ ಮಾಡ್ತಾನೆ, ಬಿಡಬೇಡ ಅಂದ್ರು ಮಾಸ್ತರು. ನಂಗೂ ನಾಟಕ ಅಂತಲೇ ಅನ್ಸ್ತು. ಇನ್ನೂ ಒತ್ತಿದೆ.”

ಲತಾ ಒಂದು ಹೆಜ್ಜೆ ಹಿಂದೆ ಸರಿದಳು. “ಜಾರಿ ಬಿದ್ದದ್ದಲ್ವಾ?”

“ಅಲ್ಲ. ಆಸ್ಪತ್ರೆಯಲ್ಲಿ ಎಚ್ಚರ ಆದಾಗ, ಆಯಿಗೆ ಹೇಳಬೇಡ ಅಂತ ಅವನೇ ಆಣೆ ಹಾಕ್ದ. ಹೇಳಿದ್ರೆ ನಿನ್ನ ಒಳಗೆ ಸೇರ್ಸೂದಿಲ್ಲ, ಮತ್ತೆ ನನ್ನ ಯಾರು ಎತ್ತೂದು ಅಂದ. ಹೇಳದೇ ನಿನ್ನ ಮದ್ವೆಗೆ ಕೇಳೂದು ಹ್ಯಾಂಗೆ, ಹೇಳಿ ಕೇಳೂದು ಹ್ಯಾಂಗೆ? ಇಷ್ಟು ವರ್ಷ ನಂಗೆ ನಿನ್ನ ಬಿಟ್ರೆ ಬೇರೆ ಯೋಚನೆ ಇರ್ಲಿಲ್ಲ ಲತಾ. ಅದೊಂದು ಖರೆ.”

ಕೇಳಬೇಕೆಂದು ಬಂದ ಮಾತು ಬಂದೇಬಿಟ್ಟಿತು. ಅದರ ಬೆನ್ನಿಗೆ ಅಣ್ಣನ ಮುರಿದ ಕುತ್ತಿಗೆಯೂ ಬಂತು. ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಅವನ ಹತ್ತಿರ ಕೂರಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡದೆ ನಿಂತೇ ಇದ್ದಳು.

“ಆಯಿಗೆ ಹೇಳು,” ಅಂದಳು ಕೊನೆಗೆ. “ಇವತ್ತೇ ಹೇಳು. ಮುಚ್ಚಿಟ್ಟು ನನ್ನ ಕೈ ಹಿಡಿಯೂದು ಬೇಡ.”

ಮಧ್ಯಾಹ್ನ ಅವನು ಅವರ ಮನೆಗೆ ಬಂದು, ಆಯಿ ಇದ್ದಲ್ಲಿಗೆ ಒಳಗೆ ಹೋದ. ಲತಾ ಜಗುಲಿಯಲ್ಲಿ ನಿಂತಳು. ಒಳಗಿಂದ ಬೈಗುಳವೂ ಇಲ್ಲ, ಅಳುವೂ ಇಲ್ಲ. ಬಹಳ ಹೊತ್ತಾದ ಮೇಲೆ ಅವನು ಹೊರಗೆ ಬಂದ.

“ಹೊಡೆದ್ಳಾ?”

“ಹೊಡೆದಿದ್ರೆ ಬರೋಬರಿ ಇತ್ತು. ನನ್ನ ಎರಡೂ ಕೈ ಹಿಡ್ಕಂಡು ಅದನ್ನೇ ನೋಡ್ತಾ ಕೂತ್ರು. ಮತ್ತೆ, ಹೋಗು ಅಂದ್ರು.”

ಶುಕ್ರವಾರದವರೆಗೆ ಆಯಿ ಆ ಮಾತು ಎತ್ತಲಿಲ್ಲ. ಗಂಟುಮೂಟೆ ಕಟ್ಟಿದಳು.

ಅಂಕೋಲೆ ಬಸ್ಸಿನಲ್ಲಿ ಕೂತ ಮೇಲೆ ನೋಡಿದರೆ, ರಸ್ತೆಯ ಆಚೆ ಬದಿ ತುಳಸಿದಾಸ ನಿಂತಿದ್ದ. ಹತ್ತಿರ ಬರುವ ಧೈರ್ಯ ಇದ್ದಂತೆ ಕಾಣಲಿಲ್ಲ. ಲತಾ ಕಣ್ಣಲ್ಲೇ ಅವನನ್ನು ತುಂಬಿಕೊಳ್ಳುತ್ತಿದ್ದಳು. ಕಾಲರ್ ಇಸ್ತ್ರಿ ಮಾಡಿದ್ದ, ಗಡ್ಡ ಮಾತ್ರ ಹಾಗೇ ಬಿಟ್ಟಿದ್ದ.

“ಕರಿ ಅವನ್ನ,” ಅಂದಳು ಆಯಿ.

ಅವನು ಓಡಿ ಬಂದು ಕಿಟಕಿಯ ಕೆಳಗೆ ನಿಂತ. ಆಯಿ ಎದುರಿನ ಸೀಟನ್ನೇ ನೋಡುತ್ತ ಮಾತಾಡಿದಳು.

“ನಿನ್ನ ಮುಖ ನೋಡೂಕೆ ಈಗ ನನ್ನಿಂದ ಆಗೂದಿಲ್ಲ. ಕಿಶನನ ವರ್ಷದ ಕಾರ್ಯಕ್ಕೆ ಬಾ.”

“ಬತ್ತೆ ಆಯಿ.”

“ಬರುವಾಗ ನಿಮ್ಮ ಮನೆ ಹಿರಿಯರನ್ನೂ ಕರ್ಕಂಡ್ ಬಾ.”

ಲತಾ ಆಯಿಯ ಕಡೆಗೆ ತಿರುಗಿದಳು. ಸತ್ತವರ ಕಾರ್ಯಕ್ಕೆ ಯಾರೂ ಹುಡುಗನ ಮನೆ ಹಿರಿಯರನ್ನು ಕರೆಯುವುದಿಲ್ಲ, ಮದುವೆ ಮಾತಿಗೆ ಕರೆಯುತ್ತಾರೆ. ಅವನಿಗೂ ಅದು ಹೊಳೆದಿರಬೇಕು. ಏನೋ ಹೇಳಹೋದ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟೇಹೋಯಿತು.

ಬಿಣಗಾ ದಾಟುವಾಗ ಆಯಿ ಅಳತೊಡಗಿದಳು. ಮಗ ಹೋದ ದಿನವೂ ಹೀಗೆ ಅತ್ತಿರಲಿಲ್ಲ. ಲತಾ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಬೇಲೆಕೇರಿ ಬರುವವರೆಗೂ ಅಳಲಿ ಎಂದು ಹಾಗೇ ಹಿಡಿದುಕೊಂಡು ಕೂತಳು.