ಇನ್ನೂ ಗುಳ್ಳೆ ಬರ್ತಿದೆ

ಬಾನೆಟ್ ಎತ್ತಿದ್ದಾಗ ಮಾತ್ರ ಬಾಲರಾಜನಿಗೆ ಸರಳಾಳ ಜೊತೆ ಮಾತಾಡಲು ಬರುತ್ತಿತ್ತು.

ಅವಳು ಒಳಗೆ ಸ್ಟೇರಿಂಗ್ ಹಿಂದೆ, ಅವನು ಹೊರಗೆ ಎಂಜಿನ್ ಎದುರು. ನಡುವೆ ಎದ್ದು ನಿಂತ ತಗಡು. ಆ ತಗಡಿನ ಬುಡಕ್ಕೂ ಮುಂದಿನ ಗಾಜಿಗೂ ಮಧ್ಯೆ ಬೆರಳಗಲದ ಸಂದು. ಅದರಲ್ಲಿ ಒಮ್ಮೆ ಅವಳ ಹುಬ್ಬು ಕಾಣುತ್ತಿತ್ತು, ಒಮ್ಮೆ ಕಣ್ಣು, ನಕ್ಕರೆ ಕೆನ್ನೆಯ ಒಂದು ಚೂರು. ಅಷ್ಟು ಕಂಡರೆ ಅವನು ಧೈರ್ಯವಾಗಿ ಮಾತಾಡುತ್ತಿದ್ದ, ಜೋಕ್ ಕೂಡ ಮಾಡುತ್ತಿದ್ದ. ಅವಳು ಪೂರ್ತಿಯಾಗಿ ಎದುರಿಗೆ ಬಂದು ನಿಂತರೆ ಮಾತ್ರ ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಲು ಶುರುಮಾಡುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

ಯಲಹಂಕ ನ್ಯೂಟೌನಿನ ಜಿಯಾವುಲ್ಲಾ ಅವರ ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಬಾಲಣ್ಣ ಎನ್ನುತ್ತಿದ್ದರು. ತೊಳೆಯುವವರು, ಪೇಂಟಿನವರು, ಅವನಿಗಿಂತ ವಯಸ್ಸಾದ ಗಿರಾಕಿಗಳೂ ಹಾಗೆಯೇ ಕರೆಯುತ್ತಿದ್ದರು. ಸರಳಾ ಒಬ್ಬಳೇ 'ರೀ ಬಾಲರಾಜ್' ಎನ್ನುತ್ತಿದ್ದಳು. ಅಲ್ಲಿ ಮೆಕ್ಯಾನಿಕ್ ಆಗಿ ಸೇರಿದ ಮೊದಲ ದಿನದಿಂದಲೂ ಒಂದು ಸಲವೂ ಅವಳ ಬಾಯಲ್ಲಿ ಅಣ್ಣ ಬಂದಿರಲಿಲ್ಲ. ಅದಕ್ಕೇನಾದರೂ ಅರ್ಥ ಇದೆಯೋ ಇಲ್ಲವೋ ಎಂದು ಬಾಲರಾಜ ಎಷ್ಟೋ ದಿನ ಯೋಚಿಸಿದ್ದ. ಅರ್ಥ ಇಲ್ಲದಿದ್ದರೆ ಕೇಳಿ ಅವಮಾನ. ಇದ್ದರೆ ಕೇಳದೆ ನಷ್ಟ. ಅವನು ಕೇಳಿರಲಿಲ್ಲ.

ಈಗ ಕೇಳಲು ಉಳಿದದ್ದು ಇವತ್ತೊಂದೇ ದಿನ. ಕೊಯಮತ್ತೂರಿನ ರೇಸಿಂಗ್ ತಂಡವೊಂದರಲ್ಲಿ ಸರಳಾಳಿಗೆ ಮೆಕ್ಯಾನಿಕ್ ಕೆಲಸ ಸಿಕ್ಕಿತ್ತು. ನಾಳೆ ಅವಳ ಬಸ್ಸು.

ಕೊನೆಯ ದಿನಕ್ಕೆ ಅಂತಲೇ ಬಂದ ಹಾಗೆ ಗಿರಾಕಿ ಆನಂದಪ್ಪನವರ ಬೆಳ್ಳಿ ಬಣ್ಣದ ಕಾರು ಬಂದು ಕೂತಿತ್ತು. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ನೆಲಕ್ಕೆ ಮುತ್ತು ಕೊಡುವಷ್ಟು ತಗ್ಗು, ಒಳಗೆ ಸೂಪರ್‌ಚಾರ್ಜರ್ ಇದ್ದ ಎಂಜಿನ್. "ಹೆಬ್ಬಾಳ ಬಿಡೋವಾಗ ಹುಲಿ ಕಣಪ್ಪ. ಚಿಕ್ಕಜಾಲ ಬರೋ ಹೊತ್ಗೆ ಮೇಕೆ ಆಗೋಗುತ್ತೆ" ಎಂದಿದ್ದರು ಆನಂದಪ್ಪ.

ಕಾಯಿಲೆ ಸಿಕ್ಕಿತ್ತು. ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣ್ಣಗೆ ಮಾಡಲು ಇಂಟರ್‌ಕೂಲರ್, ಅದಕ್ಕೆ ಅದರದೇ ಕೂಲಂಟ್ ನೀರು, ಅದನ್ನು ಓಡಿಸಲು ಪುಟ್ಟದೊಂದು ಕರೆಂಟ್ ಪಂಪ್. ಮೂತಿಯಲ್ಲಿದ್ದ ರೇಡಿಯೇಟರ್ ಕಲ್ಲು ಬಡಿದು ಸೋರಿತ್ತು. ಹೊಸದು ಹಾಕಿ ಕೂಲಂಟ್ ತುಂಬಿಸಿದ್ದೂ ಆಗಿತ್ತು. ಆದರೆ ಪೈಪಿನೊಳಗೆ ಎಲ್ಲೋ ಗಾಳಿ ಸಿಕ್ಕಿಹಾಕಿಕೊಂಡಿತ್ತು. ಗಾಳಿ ಕೂತ ಕಡೆ ಕೂಲಂಟ್ ಓಡುವುದಿಲ್ಲ. ಹಿಂದಿನ ದಿನವೆಲ್ಲ ಗುಳ್ಳೆ ತೆಗೆದರೂ ಮುಗಿದಿರಲಿಲ್ಲ.

"ಇಂಟರ್‌ಕೂಲರ್ ಎತ್ತರದಲ್ಲಿದೆ, ಮೂತಿ ಹತ್ರ ಇರೋ ಕೂಲಂಟ್ ಬಾಟಲ್ ತಗ್ಗಲ್ಲಿದೆ. ಗಾಳಿ ಕೆಳಗಿಳಿದು ಬರುತ್ತಾ?" ಎಂದಳು ಸರಳಾ ಬೆಳಿಗ್ಗೆ. "ಮೂತಿ ಮೇಲೆತ್ತಿ ನಿಲ್ಲಿಸ್ಬೇಕು. ಜಾಕ್ ಕೊಟ್ರೆ ಮುಂದಿನ ಫೈಬರ್ ಒಡೆಯುತ್ತೆ. ಹೆಸರಘಟ್ಟ ಕೆರೆ ಏರಿ ಹತ್ತೋ ಕಡೆ ಒಳ್ಳೆ ಇಳಿಜಾರಿದೆ. ಗಾಡಿನೂ ಓಡಾಡಲ್ಲ."

ಜಿಯಾ ಭಾಯ್ ಗಡ್ಡ ಕೆರೆದುಕೊಂಡು ಇಬ್ಬರನ್ನೂ ನೋಡಿದರು. "ಹೋಗ್ಬನ್ನಿ. ಬ್ಯಾಟರಿ ಕಮ್ಜೋರ್ ಇದೆ, ಕೀ ಜಾಸ್ತಿ ಹೊತ್ತು ಆನ್ ಇಡ್ಬೇಡಿ. ಬಾಲಣ್ಣ, ನಿನಗೆ ಹೇಳೋದೇ ಬೇಡ, ನೀನು ಮನೆ ಬೀಗ ಹಾಕಿ ಬಸ್ ಸ್ಟಾಪಿಂದ ವಾಪಸ್ ಬಂದು ಎಳೆದು ನೋಡೋನು."

ಸರಳಾ ನಕ್ಕಳು. ಬಾಲರಾಜ ಸ್ಪ್ಯಾನರ್ ಒರೆಸಿದ.

* * *

ಕಾರಿನಲ್ಲಿ ಬಾನೆಟ್ಟಿನ ಮರೆ ಇರಲಿಲ್ಲ. ಅವಳು ಓಡಿಸುತ್ತಿದ್ದಳು, ಅವನು ಪಕ್ಕದಲ್ಲಿ ಕೂಲಂಟ್ ಕ್ಯಾನನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಸೀಟುಗಳು ಎಷ್ಟು ಹತ್ತಿರವೆಂದರೆ ಗೇರ್ ಹಾಕಿದಾಗಲೆಲ್ಲ ಅವಳ ಬಳೆ ಅವನ ಮಣಿಕಟ್ಟಿಗೆ ತಾಗುತ್ತಿತ್ತು. ಅವನು ಕೈ ಸರಿಸಿದ. ಸರಿಸಿದ್ದು ತಪ್ಪಾಯಿತೇನೋ ಅನ್ನಿಸಿ ಮತ್ತೆ ಅಲ್ಲೇ ಇಟ್ಟ.

ರಾಜಾನುಕುಂಟೆ ದಾಟುವಾಗ ಅವಳೆಂದಳು, "ನಮ್ಮನೆ ಆ ಓಣೀಲಿ."

"ಗೊತ್ತು. ಹಸಿರು ಗೇಟು."

"ಹೇಗ್ರೀ ಗೊತ್ತು? ನೀವ್ಯಾವತ್ತು ಬಂದಿದ್ರಿ?"

ಬಾಲರಾಜ ಕ್ಯಾನಿನ ಮುಚ್ಚಳ ಬಿಗಿಯಾಗಿದೆಯೋ ಇಲ್ಲವೋ ಎಂದು ಬಹಳ ಶ್ರದ್ಧೆಯಿಂದ ಪರೀಕ್ಷಿಸಿದ.

* * *

ಡಿಸೆಂಬರಿನ ಬಿಸಿಲು ಹುಲ್ಲಿನ ಮೇಲೆ ಇನ್ನೂ ಎಳೆಯದಾಗಿತ್ತು. ಏರಿ ಹತ್ತುವ ದಾರಿಯಲ್ಲಿ ಕಾರು ಮೂತಿ ಆಕಾಶಕ್ಕೆತ್ತಿ ನಿಂತಿತು. ಬಾಲರಾಜ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ಕೊಟ್ಟ ಕಲ್ಲನ್ನು ಒದ್ದು ನೋಡಿದ. ಆಮೇಲೆ ಬಾನೆಟ್ ಎತ್ತಿದ, ಎತ್ತಿದ ಕೂಡಲೇ ಉಸಿರು ಸರಾಗವಾಯಿತು.

"ಆನ್!" ಎಂದ.

ಅವಳು ಕೀ ತಿರುಗಿಸಿದಳು. ಪಂಪ್ ಗೊರಗೊರ ಎಂದಿತು. ಮುಚ್ಚಳ ತೆಗೆದ ಬಾಟಲಿಯಲ್ಲಿ ಗುಲಾಬಿ ಬಣ್ಣದ ಕೂಲಂಟ್ ಕದಡಿ ದೊಡ್ಡ ದೊಡ್ಡ ಗುಳ್ಳೆಗಳು ಎದ್ದು ಒಡೆದವು.

"ಬಂತು! ಆಫ್!"

ಅವನು ರಬ್ಬರ್ ಪೈಪನ್ನು ಹಿಚುಕಿ, ಇಳಿದಷ್ಟು ಕೂಲಂಟ್ ಸುರಿದು, ಮತ್ತೆ ಕೂಗಿದ. ಆನ್, ಆಫ್, ಆನ್. ನಡುನಡುವೆ ಸಂದಿನಲ್ಲಿ ಒಂದು ಕಣ್ಣು ಬಂದು ಹೋಗುತ್ತಿತ್ತು.

"ರೀ ಬಾಲರಾಜ್, ಮೂಗಿಗೆ ಗ್ರೀಸ್ ಆಗಿದೆ."

ಅವನು ಒರೆಸಿಕೊಂಡ.

"ಈಗ ಪೂರ್ತಿ ಆಯ್ತು."

"ನೀವು ಕೆಲಸ ನೋಡಿ, ಮೂಗಲ್ಲ."

"ಇಲ್ಲಿಂದ ಕಾಣೋದೇ ಅಷ್ಟು. ನಾನೇನ್ ಮಾಡ್ಲಿ?"

ಅವನು ನಕ್ಕ. ನಗುತ್ತಲೇ ಎದೆಯೊಳಗೆ ಏನೋ ಚುರುಕ್ಕೆಂದಿತು. ನಾಳೆ ಈ ಹೊತ್ತಿಗೆ ಯಾವುದೋ ಕಾರಿನ ಒಳಗೆ ಯಾರೋ ಕೂತಿರುತ್ತಾರೆ. ಸಂದಿನಲ್ಲಿ ಯಾರದೋ ಮೀಸೆ ಕಾಣುತ್ತದೆ.

ಹಸು ಹೊಡೆದುಕೊಂಡು ಬಂದ ಅಜ್ಜಿಯೊಬ್ಬಳು ಕೋಲೂರಿ ನಿಂತಳು. "ಏನಪ್ಪಾ, ಕಾರು ಇಂಗೆ ನಿಗುರ್ಕೊಂಡು ನಿಂತೈತೆ? ಕೆಟ್ಟೋಯ್ತಾ?"

"ಇಲ್ಲಮ್ಮ, ಒಳಗೆ ಗಾಳಿ ಸೇರ್ಕೊಂಡಿದೆ. ತೆಗೀತಿದೀವಿ."

"ನಮ್ಮಸೂಗೂ ಅಂಗೇ ಆಗ್ತದೆ, ಒಟ್ಟೆ ಉಬ್ಬರ. ಎಳ್ಳೆಣ್ಣೆ ಕುಡ್ಸು." ಅಜ್ಜಿ ಬಗ್ಗಿ ಒಳಗೆ ಇಣುಕಿದಳು. "ಎಂಡ್ತೀನ ಬಿಸ್ಲಲ್ಲಿ ಕೂರ್ಸಿದ್ದೀಯಲ್ಲೋ! ಮರ್ದಡಿ ನಿಲ್ಸಬಾರ್ದಾ?"

ಬಾಲರಾಜ ಬಾಯಿ ತೆರೆದ. ಇಲ್ಲ ಎನ್ನಬೇಕಿತ್ತು, ಎನ್ನಲಿಲ್ಲ. ಒಳಗಿನಿಂದ ಸರಳಾ ಇಲ್ಲ ಎನ್ನುತ್ತಾಳೆಂದು ಕಾದ. ಅವಳೂ ಎನ್ನಲಿಲ್ಲ. ಅಜ್ಜಿ ಹಸುವಿನ ಹಿಂದೆ ಏರಿ ಹತ್ತಿ ಹೋದಳು. ಸಂದಿನಲ್ಲಿ ಕಣ್ಣು ಕಾಣಲಿಲ್ಲ.

"ಆನ್" ಎಂದ ಅವನು ಸಣ್ಣ ದನಿಯಲ್ಲಿ.

ಬಾಟಲಿಯಲ್ಲಿ ಗುಳ್ಳೆಗಳು ಸಣ್ಣವಾದವು. ಸಾಸಿವೆಯಷ್ಟಾದವು. ಆಮೇಲೆ ಒಂದೂ ಬರಲಿಲ್ಲ. ಕೂಲಂಟ್ ಒಂದೇ ಸಮ ತಿರುಗುತ್ತ ಗಾಜಿನಂತೆ ತಿಳಿಯಾಗಿ ಓಡಿತು. ಎರಡು ದಿನದ ಕೆಲಸ ಮುಗಿದಿತ್ತು.

ಬಾಲರಾಜ ಅದನ್ನೇ ನೋಡುತ್ತ ನಿಂತ. ಆಯ್ತು ಎಂದರೆ ಮುಚ್ಚಳ ಹಾಕಬೇಕು. ಮುಚ್ಚಳ ಹಾಕಿದರೆ ಬಾನೆಟ್ ಇಳಿಸಬೇಕು. ಬಾನೆಟ್ ಇಳಿದರೆ ಗ್ಯಾರೇಜು, ಜಿಯಾ ಭಾಯ್ ತರಿಸುವ ಕೇಕು, ಎಲ್ಲರ ಜೊತೆ ನಿಂತು ಫೋಟೊ, ಮುಗಿಯಿತು.

"ಹೇಗಿದೆ?" ಎಂದಳು ಅವಳು.

"ಇನ್ನೂ ಗುಳ್ಳೆ ಬರ್ತಿದೆ" ಎಂದ.

ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದಿ ಈ ಕೆಲಸಕ್ಕೆ ಬಂದಾಗಿನಿಂದ ಒಂದು ನಟ್ಟಿನ ವಿಷಯದಲ್ಲೂ ಅವನು ಸುಳ್ಳು ಹೇಳಿದವನಲ್ಲ.

"ಸರಿ. ಆಫ್ ಮಾಡ್ಲಾ?"

"ಬೇಡ, ಓಡ್ಲಿ."

ಓಡಿತು. ಗಾಳಿ ಹುಲ್ಲನ್ನು ಬಾಚಿ ಹೋಯಿತು. ಅವನು ಬೇಡದಿದ್ದರೂ ಪೈಪ್ ಹಿಚುಕಿದ.

"ಅಲ್ಲಿ ಊಟ ಸರಿಹೋಗುತ್ತಾ?" ಎಂದು ಕೇಳಿದ.

"ಕೊಯಮತ್ತೂರಲ್ಲಾ? ಸಾಂಬಾರ್ ಅನ್ನ ಎಲ್ಲಾ ಕಡೆ ಒಂದೇ."

"ರೂಮು?"

"ತಂಡದೋರೇ ಕೊಡ್ತಾರೆ. ಗುಳ್ಳೆ?"

"ಇನ್ನೂ ಬರ್ತಿದೆ."

"ಸರಿ."

"ಒಬ್ರೇ ಇರೋಕೆ ಭಯ ಆಗಲ್ವಾ?"

"ಆಗುತ್ತೆ. ಆದ್ರೆ ಚಿಕ್ಕಂದಿನಿಂದ ಕಾದಿದ್ದ ಕೆಲಸ ಇದು. ನೀವು ಹೋಗ್ಬೇಡ ಅಂತೀರಾ?"

ಅವನ ಬೆರಳು ಪೈಪಿನ ಮೇಲೆ ಬಿಗಿಯಿತು. ಹೋಗಬೇಡ ಎಂದರೆ ಅವಳ ಕಾಲಿಗೆ ತಾನೇ ಕಲ್ಲು ಕೊಟ್ಟಂತೆ. ಹೋಗು ಎಂದರೆ ತನಗೇನೂ ಅನ್ನಿಸಿಲ್ಲ ಎಂದಂತೆ. ಇವೆರಡರ ನಡುವೆ ಒಂದು ಮಾತು ಇರಲೇಬೇಕು. ಅದು ನಾಲಿಗೆಗೆ ಸಿಗುತ್ತಿರಲಿಲ್ಲ.

"ನಾನ್ಯಾಕೆ ಹಾಗಂತೀನಿ" ಎಂದ. ತಕ್ಷಣ ಆ ಮಾತನ್ನು ವಾಪಸ್ ನುಂಗಬೇಕು ಅನ್ನಿಸಿತು.

"ಹೂಂ" ಎಂದಳು ಅವಳು. "ಗುಳ್ಳೆ?"

"ಬ... ಬರ್ತಿದೆ."

ಆಗ ಪಂಪಿನ ದನಿ ಇಳಿಯಿತು. ನಿದ್ದೆ ಬಂದವರಂತೆ ತೂಕಡಿಸಿ, ಒಮ್ಮೆ ಗುಟುಕೆಂದು, ನಿಂತುಹೋಯಿತು.

* * *

ಸರಳಾ ಕೀ ತಿರುಗಿಸಿದಳು. ಟಕ್. ಮತ್ತೊಮ್ಮೆ. ಟಕ್. ಎಂಜಿನ್ ಮಿಸುಕಲಿಲ್ಲ.

"ಬ್ಯಾಟರಿ" ಎಂದ ಬಾಲರಾಜ. ಅವನ ಮುಖದ ಬಣ್ಣ ಇಳಿದಿತ್ತು. "ಜಿಯಾ ಭಾಯ್ ಹೇಳಿದ್ರು. ಹೇಳಿಯೇ ಕಳಿಸಿದ್ರು. ನಾನು... ಫೋನ್ ಮಾಡ್ತೀನಿ, ಕೇಬಲ್ ತರ್ಲಿ."

"ಮಾಡಿ. ಯಾಕೆ ಇಳೀತು ಅಂತ ಕೇಳ್ತಾರಲ್ಲ, ಏನ್ ಹೇಳ್ತೀರಾ?"

"ಗುಳ್ಳೆ ಜಾಸ್ತಿ ಇತ್ತು ಅಂತ."

"ರೀ ಬಾಲರಾಜ್." ಸಂದಿನಲ್ಲಿ ಈಗ ಎರಡೂ ಕಣ್ಣು ಬಂದಿದ್ದವು. "ಗಾಳಿ ಇದ್ರೆ ಪಂಪ್ ಗೊರಗುಟ್ಟುತ್ತೆ, ಪೂರ್ತಿ ತುಂಬಿದ್ರೆ ದನಿ ಮೆತ್ತಗಾಗುತ್ತೆ. ಕಿವಿ ಕೊಟ್ಟು ಕೇಳು ಅಂತ ನನಗೆ ಹೇಳಿಕೊಟ್ಟಿದ್ದು ಯಾರು?"

ಅವನು ಬಾಟಲಿಯ ಮುಚ್ಚಳವನ್ನು ಕೈಯಲ್ಲಿ ಹಿಂದೆ ಮುಂದೆ ಮಾಡಿದ.

"ಅಜ್ಜಿ ಹೋದ ಸ್ವಲ್ಪ ಹೊತ್ತಿಗೇ ಮೆತ್ತಗಾಯ್ತು."

"ಮತ್ತೆ ನೀವ್ಯಾಕೆ ಕೀ ಆಫ್ ಮಾಡ್ಲಿಲ್ಲ?"

"ನೀವೇನೋ ಹೇಳ್ತೀರಾ ಅಂತ ಕಾದೆ. ಸಾಂಬಾರ್ ವಿಚಾರಿಸಿದ್ರಿ!"

ಅವಳ ದನಿಯಲ್ಲಿ ನಗುವಿತ್ತು. ನಗುವಿನ ಅಡಿಯಲ್ಲಿ ಸಣ್ಣದಾಗಿ ಏನೋ ಮುರಿದದ್ದೂ ಇತ್ತು. ಬಾಲರಾಜನಿಗೆ ಅದೂ ಕೇಳಿಸಿತು.

"ಕಲ್ಲು ತೆಗೀರಿ" ಎಂದಳು ಅವಳು. "ಹಿಂದೆ ದಾರಿ ಖಾಲಿ ಇದೆ. ಜಾರಿಸ್ತೀನಿ. ರಿವರ್ಸಿಗೆ ಹಾಕಿ ಕ್ಲಚ್ ಬಿಟ್ರೆ ಸ್ಟಾರ್ಟ್ ಆಗುತ್ತೆ. ಮೊದಲು ಬಾನೆಟ್ ಇಳಿಸಿ."

ಬಾಲರಾಜ ಬಾಟಲಿಗೆ ಮುಚ್ಚಳ ಹಾಕಿ ತಿರುಗಿಸಿದ. ಬಾನೆಟ್ಟಿನ ಅಂಚು ಹಿಡಿದು ನಿಂತ. ಇಳಿಸಲಿಲ್ಲ.

"ಕೈ ನೋಯುತ್ತಾ?" ಎಂದಳು.

ಅವನು ಇಳಿಸಿದ. ಧಡ್ ಎಂದಿತು. ಗಾಜಿನ ಹಿಂದೆ ಅವಳು ಪೂರ್ತಿಯಾಗಿ ಕೂತಿದ್ದಳು. ಬಿಸಿಲಿಗೆ ಕೆಂಪಾದ ಮುಖ, ಕೆದರಿದ ಮುಂಗೂದಲು, ನೇರವಾಗಿ ಅವನನ್ನೇ ನೋಡುವ ಕಣ್ಣು. ಒರೆಸಲು ಕೈಯಲ್ಲಿ ಸ್ಪ್ಯಾನರ್ ಕೂಡ ಇರಲಿಲ್ಲ.

ಅವನು ಕಲ್ಲು ತೆಗೆದು ಬಂದು ಮುಂದೆ ನಿಂತ. ಅವಳು ಹ್ಯಾಂಡ್ ಬ್ರೇಕ್ ಬಿಟ್ಟಳು.

ಕಾರು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಅವಳು ಕತ್ತು ತಿರುಗಿಸಿ ಹಿಂದೆ ನೋಡಿದಳು. ಅವಳ ಕಿವಿಯ ಓಲೆ ಮಾತ್ರ ಅವನ ಕಡೆ ಮಿನುಗಿತು. ಒಂದು ಮಾರು ದೂರವಾದಳು. ಎರಡು ಮಾರು. ನಾಳೆ ಬಸ್ಸು ಹೋಗುವುದೂ ಹೀಗೆಯೇ ಎಂದು ಅವನಿಗೆ ಅನ್ನಿಸಿತು. ತಾನು ನಿಂತಲ್ಲೇ ನಿಂತಿರುತ್ತೇನೆ, ಅವಳ ಮುಖ ಚಿಕ್ಕದಾಗುತ್ತ ಹೋಗುತ್ತದೆ.

ಅವನ ಕಾಲು ತಾನಾಗಿ ಇಳಿಜಾರಿನಲ್ಲಿ ಓಡತೊಡಗಿತು.

"ಸರಳಾ! ಗುಳ್ಳೆ ನಿಂತಿತ್ತು! ನಾನು ಸುಳ್ಳು ಹೇಳ್ದೆ!"

ಕಾರು ಜಾರುತ್ತಲೇ ಇತ್ತು.

"ನೀನು ಹೋಗು! ಹೋಗ್ಲೇಬೇಕು! ಆದ್ರೆ ನನಗೆ ನೀನು ಬೇಕು! ನೀನು ಎಲ್ಲಿದ್ರೂ ಬೇಕು, ಕಣೇ!"

ಏರಿಯ ಮೇಲೆ ಅಜ್ಜಿ ತಿರುಗಿ ನಿಂತಳು. ಹಸುವೂ ನಿಂತಿತು. ಅದೇ ಹೊತ್ತಿಗೆ ಕಾರು ಒಮ್ಮೆ ಜಗ್ಗಿ, ಕೆಮ್ಮಿ, ಎಂಜಿನ್ ಹತ್ತಿಕೊಂಡು ಹುಲ್ಲುಗಾವಲೆಲ್ಲ ಗುಡುಗಿತು.

ಬಾಲರಾಜ ನಿಂತ. ಕೇಳಿಸಿತೋ ಇಲ್ಲವೋ? ಕೇಳಿಸದಿದ್ದರೆ ಇನ್ನೊಮ್ಮೆ ಹೇಳುವ ಶಕ್ತಿ ತನ್ನಲ್ಲಿದೆಯೇ?

ಕಾರು ನಿಧಾನವಾಗಿ ಮೇಲೆ ಬಂತು. ಅವನ ಮೊಣಕಾಲಿನ ಪಕ್ಕ ನಿಂತಿತು. ತೆರೆದೇ ಇದ್ದ ಕಿಟಕಿಯಿಂದ ಅವಳು ತಲೆ ಎತ್ತಿ ನೋಡಿದಳು.

"ಏನೋ ಕೂಗ್ತಿದ್ರಲ್ಲ?" ಎಂದಳು ಸರಳಾ. "ಎಂಜಿನ್ ಸದ್ದು. ಕೇಳಿಸ್ಲಿಲ್ಲ."

ಅವಳ ಕಣ್ಣು ಒದ್ದೆಯಾಗಿತ್ತು. ತುಟಿಯ ಒಂದು ಮೂಲೆ ಮಾತ್ರ ಕುಣಿಯುತ್ತಿತ್ತು. ಬಾಲರಾಜ ಅದನ್ನು ನೋಡಿದ. ಯಾವ ಸಂದಿನಲ್ಲೂ ಅಲ್ಲ, ಹತ್ತಿರದಿಂದ, ಇಡಿಯಾಗಿ ನೋಡಿದ. ಅವನು ಬಗ್ಗಿ ಕಿಟಕಿಯ ಅಂಚಿನ ಮೇಲೆ ಕೈ ಊರಿದ.

"ನನಗೆ ನೀನು ಬೇಕು ಅಂದೆ" ಎಂದ. ದನಿ ನಡುಗಿತು, ಆದರೆ ನಿಲ್ಲಲಿಲ್ಲ.

ಅವಳು ಅವನ ಕೈ ಮೇಲೆ ತನ್ನ ಕೈ ಇಟ್ಟಳು. ಎರಡೂ ಕೈಗೆ ಕೂಲಂಟಿನ ಸಿಹಿ ವಾಸನೆ. "ಇದನ್ನ ಹೇಳೋಕೆ ಒಂದು ಬ್ಯಾಟರಿ ಸಾಯ್ಬೇಕಾಯ್ತಾ?"

"ನಿನಗೆ...?"

"ಗ್ಯಾರೇಜಿನಲ್ಲಿ ಎಲ್ರೂ ಬಾಲಣ್ಣ ಅಂತಾರೆ. ನಾನು ಯಾವತ್ತಾದ್ರೂ ಅಂದಿದ್ದೀನಾ? ಅಷ್ಟೂ ಅರ್ಥ ಆಗ್ಲಿಲ್ವಾ ನಿಮಗೆ?"

ಅವನು ಸುತ್ತು ಹಾಕಿ ಬಂದು ಪಕ್ಕದಲ್ಲಿ ಕೂತ. ಸರಳಾ ಗೇರ್ ಹಾಕಿದಳು. ಬಳೆ ಅವನ ಮಣಿಕಟ್ಟಿಗೆ ತಾಗಿತು. ಈ ಸಲ ಅವನು ಕೈ ಸರಿಸಲಿಲ್ಲ.

"ರಾಜಾನುಕುಂಟೇಲಿ ಒಂದೈದು ನಿಮಿಷ ನಿಲ್ಲಿಸ್ತೀನಿ" ಎಂದಳು. "ಎಂಜಿನ್ ಆಫ್ ಮಾಡೋಕಾಗಲ್ಲ, ನಾನು ಇಲ್ಲೇ ಕೂತಿರ್ತೀನಿ. ನೀವೊಬ್ರೇ ಹಸಿರು ಗೇಟ್ ತೆಗೆದು ಹೋಗಿ ನಮ್ಮಮ್ಮನ ಹತ್ರ ಇದೇ ಮಾತು ಹೇಳ್ಬೇಕು. ಅಲ್ಲಿ ಬಾನೆಟ್ ಇರಲ್ಲ, ನೋಡ್ಕೊಳ್ಳಿ."

ಬಾಲರಾಜ ಅವಳ ಕಡೆ ಪೂರ್ತಿ ತಿರುಗಿದ. "ಇವತ್ತೇನಾ?"

"ನಾಳೆ ಬಸ್ಸಲ್ವಾ?" ಅವಳು ಓರೆಗಣ್ಣಿನಲ್ಲಿ ನೋಡಿದಳು. "ಅಂದ ಹಾಗೆ, ಕೂಲಂಟ್ ಮುಚ್ಚಳ ಸರಿಯಾಗಿ ಹಾಕಿದ್ರಾ? ಇಳಿದು ಇನ್ನೊಂದ್ಸಲ ನೋಡ್ತೀರಾ?"

ಅವನ ಕೈ ಅಭ್ಯಾಸದಂತೆ ಬಾಗಿಲಿನ ಹಿಡಿಗೆ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತು, ಮೆಲ್ಲಗೆ ವಾಪಸ್ ಬಂತು.

"ಬೇಡ" ಎಂದ. "ಹಾಕಿದ್ದೀನಿ. ಹೋಗೋಣ."