ಬುಧವಾರದ ಎಂಜಲು

ಸಂಶೋಧನಾ ವಿದ್ಯಾರ್ಥಿನಿ ನೆವೆನಾ ಅಳುತ್ತಾ ಬಾಗಿಲಲ್ಲಿ ನಿಂತಾಗ ಸ್ತಾನಿಯಾಕ್ಕ ತಲೆ ಎತ್ತಲೇ ಇಲ್ಲ. ನಿಶ್ ನಗರದ ನಮ್ಮ ದಂತ ಕಾಲೇಜಿನ ಪ್ರಯೋಗಾಲಯದಲ್ಲಿ ಏನು ಎಡವಟ್ಟಾದರೂ ಪತ್ತೆಗೆ ಜನ ಅವಳ ಬಳಿಗೇ ಬರುತ್ತಿದ್ದರು. ಅವಳಿಗೂ ಸಾಕಾಗಿತ್ತು, ಅವಳ ಸಹಾಯಕನಾದ ನನಗೂ ಸಾಕಾಗಿತ್ತು.

"ನಾಳೆ ನನ್ನನ್ನ ತೆಗೆದುಹಾಕ್ತಾರಂತೆ, ಅಕ್ಕ. ನಾನು ಮೋಸ ಮಾಡಿದೀನಂತೆ."

ಹಲ್ಲಿಗೆ ಕ್ಲಿಪ್ ಕೂರಿಸಿದರೆ ಬಾಯಿಯ ಜೀವಕೋಶಗಳ ಮೇಲೆ ಉತ್ಕರ್ಷಣದ ಒತ್ತಡ, ಅಂದರೆ ಆಮ್ಲಜನಕದಿಂದಾಗುವ ಹಾನಿ, ಏರುತ್ತದೆಯೇ ಎಂದು ನೆವೆನಾ ಎಂಜಲಿನಲ್ಲಿ ಅಳೆಯುತ್ತಿದ್ದಳು. ಉಳಿದ ದಿನ ಏರಿದ್ದದ್ದು ಡಿಸೆಂಬರಿನ ಒಂದು ಬುಧವಾರ ಇಳಿದುಬಿಟ್ಟಿತ್ತು, ಅದೂ ಕ್ಲಿಪ್ ಇದ್ದವರಲ್ಲಿ ಮಾತ್ರ. ಅಸಲಿ ಎಂಜಲನ್ನು ಚೆಲ್ಲಿಕೊಂಡು ನಳಿಕೆಗಳಿಗೆ ಬೇರೇನೋ ತುಂಬಿದ್ದಾಳೆ ಎಂದು ಅವಳ ಮಾರ್ಗದರ್ಶಿ ಪ್ರೊಫೆಸರ್ ತಿಹೊಮಿರ್ ದೂರು ಬರೆದಿದ್ದರು.

"ಎಂಜಲು ಕೊಟ್ಟೋರು ಖಾಲಿ ಹೊಟ್ಟೇಲಿ ಬಂದಿದ್ರಾ?" ಸ್ತಾನಿಯಾಕ್ಕ ಕೇಳಿದಳು.

"ಏನೂ ತಿಂದಿಲ್ಲ ಅಂದ್ರು. ಬಾಯಿನೂ ಮುಕ್ಕಳಿಸಿದ್ರು."

ಸ್ತಾನಿಯಾಕ್ಕ ನಿಟ್ಟುಸಿರಿಟ್ಟು ಆ ಬುಧವಾರದ ಉಳಿದ ನಳಿಕೆಗಳನ್ನು ಬೆಳಕಿಗೆ ಹಿಡಿದಳು. ಕ್ಲಿಪ್ ಇದ್ದವರ ನಳಿಕೆಗಳ ತಳದಲ್ಲಿ ಕಂದು ಚೂರುಗಳಿದ್ದವು.

"ಕಾಫಿ ಪುಡಿನಾ?" ಎಂದೆ.

"ನೀನು ಮದುವೆಯಾದರೂ ಅಡುಗೆಮನೆ ಕಡೆ ತಲೆ ಹಾಕ್ದೋನಲ್ಲ," ಎಂದು ಬೈದು, ಆ ಬುಧವಾರ ಎಂಜಲು ಕೊಟ್ಟಿದ್ದ ಒಬ್ಬ ಹುಡುಗಿಗೆ ಫೋನ್ ಮಾಡಿದಳು.

ಮರುದಿನ ಎಲ್ಲರೂ ಪ್ರೊಫೆಸರರ ಕೋಣೆಯಲ್ಲಿ ಸೇರಿದೆವು.

"ತಿಂದ್ರಾ ಅಂದ್ರೆ ಯಾರೂ ಹೂಂ ಅನ್ನಲ್ಲ," ಸ್ತಾನಿಯಾಕ್ಕ ದಣಿದ ದನಿಯಲ್ಲಿ ಶುರುಮಾಡಿದಳು. "ಅದಕ್ಕೇ ಬೇರೆ ಥರ ಕೇಳ್ದೆ. ಆ ಬುಧವಾರ ಸಂತ ನಿಕೋಲನ ದಿನ. ಯಾರ ಮನೆ ಹಬ್ಬದ ಗೋಧಿ ತಗೊಂಡೆ ಅಂತ."

ನನಗೆ ಆಗ ಹೊಳೆಯಿತು. ಮನೆದೇವರಾದ ಸಂತನ ಹಬ್ಬದಲ್ಲಿ ಬೇಯಿಸಿದ ಗೋಧಿಗೆ ಅಕ್ರೋಟು, ಸಕ್ಕರೆ ಬೆರೆಸಿ ಬಂದವರಿಗೆಲ್ಲ ಒಂದೊಂದು ಚಮಚ ಕೊಡುತ್ತೇವೆ. ಬೇಡವೆಂದರೆ ಆ ಮನೆಗೇ ಅವಮಾನ. ಆ ಪ್ರಸಾದವನ್ನು ನಮ್ಮಲ್ಲಿ ಯಾರೂ ತಿಂಡಿ ಎನ್ನುವುದಿಲ್ಲ.

"ಅಕ್ರೋಟು ಈ ಒತ್ತಡಾನ ತಗ್ಗಿಸುತ್ತೆ. ಕ್ಲಿಪ್ ಇಲ್ಲದೋರು ಮುಕ್ಕಳಿಸಿದ್ರೆ ಹೋಯ್ತು. ಕ್ಲಿಪ್ಪಿನ ತಂತಿ ಸಂದೀಲಿ ಸಿಕ್ಕಿಕೊಂಡ ಚೂರು ಹೋಗ್ಲಿಲ್ಲ, ಎಂಜಲಿಗೆ ಬಂತು. ಅವತ್ತು ಬೆಳಿಗ್ಗೆ ಕಾರಿಡಾರಲ್ಲಿ ಗೋಧಿ ಬಟ್ಟಲು ಹಿಡಿದು ನಿಂತಿದ್ದು ನೀವೇ, ಪ್ರೊಫೆಸರೇ."

ತಿಹೊಮಿರ್ ಮುಖ ಬಿಳಿಚಿಕೊಂಡಿತು. ದೂರಿನ ಕಾಗದವನ್ನು ಹರಿದು ಬುಟ್ಟಿಗೆ ಹಾಕಿ, ನೆವೆನಾಳತ್ತ ನಗಲು ನೋಡಿದರು. "ನೀನಾದ್ರೂ ಹೇಳಬಾರದಿತ್ತೇನಮ್ಮಾ? ನೀನೂ ತಗೊಂಡಿದ್ದೆಯಲ್ಲ!"

"ಇಲ್ಲ ಸಾರ್," ಎಂದಳು ಅವಳು. "ದಾರೀಲಿ ಹೋಗೋರನ್ನೂ ಕರೆದು ಕೊಟ್ರಿ. ನಾನು ಕೆಳಗೆ ನಿಮ್ಮ ಕೆಲಸಾನೇ ಮಾಡ್ತಿದ್ದೆ. ನನ್ನನ್ನ ಕರೀಲಿಲ್ಲ. ಕರೆದಿದ್ರೆ ಎಲ್ರೂ ತಿಂದಿದ್ದು ಗೊತ್ತಾಗ್ತಿತ್ತು, ಅವತ್ತು ಎಂಜಲೇ ತಗೋತಿರಲಿಲ್ಲ."