ಮಕ್ಕಳಿಲ್ಲದ ಮನೆಯ ಬ್ರಷ್

ಹಲ್ಲಿನ ಡಾಕ್ಟರು ಬೆಳಿಗ್ಗೆ ಮನೆ ಮುಂದಿನ ಕ್ಲಿನಿಕ್ಕಿನ ಷಟರ್ ಎತ್ತಿ ದೀಪ ಹಾಕಿದಾಗ, ರೋಗಿಗಳು ಕೂರುವ ಕೋಣೆಯ ಗಾಜಿನ ತೊಟ್ಟಿಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹಳದಿಯದು, ನೀಲಿಯದು, ಪಟ್ಟೆಯವು — ಎಲ್ಲ. ಕಿತ್ತಳೆ ಬಣ್ಣದ ಒಂದು ಮಾತ್ರ ತಳದ ಕಲ್ಲಿಗೆ ಒರಗಿ ಕಿವಿರಾಡಿಸುತ್ತಿತ್ತು.

ಸಮುದ್ರದ ಮೀನುಗಳು. ಡಾಕ್ಟರ ಹೆಂಡತಿ ಆಸೆಪಟ್ಟು ತರಿಸಿದ್ದು. ಆಕೆ ತೀರಿಕೊಂಡ ಮೇಲೆ ಆಕೆಯದೆಂದು ಅಲ್ಲಿ ಉಸಿರಾಡುತ್ತಿದ್ದುದು ಎರಡೇ — ಈ ಮೀನುಗಳು, ಮತ್ತು ಹಿಂದಿನ ಕೋಣೆಯಲ್ಲಿದ್ದುಕೊಂಡು ರೋಗಿಗಳನ್ನು ಒಳಗೆ ಕಳಿಸುತ್ತಿದ್ದ ಆಕೆಯ ತಮ್ಮ.

ಡಾಕ್ಟರು ಬಾಮೈದನ ಮುಖ ನೋಡದೆ ಅಂದರು: "ನಿನ್ನ ಸಾಮಾನು ಕಟ್ಟು."

ಅವನು ಬೇರೆ ದಿಕ್ಕಿಲ್ಲದವನು. ಆದರೂ ಚೀಲ ಹುಡುಕತೊಡಗಿದ.

ಅದೇ ಹೊತ್ತಿಗೆ ಕೆನ್ನೆ ಹಿಡಿದುಕೊಂಡು ಬಂದರು ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರು. ದವಡೆ ಹಲ್ಲಿನ ನೋವು. ಡಾಕ್ಟರು ಎರಡು ಸಲ ಇಕ್ಕಳ ಬೀಳಿಸಿದ್ದನ್ನು ಕಂಡು ಕುರ್ಚಿಯಿಂದ ಎದ್ದೇಬಿಟ್ಟರು.

"ಈ ಕೈಲಿ ನನ್ನ ಹಲ್ಲು ಮುಟ್ಬೇಡಿ ಡಾಕ್ಟ್ರೇ. ನೋಯೋದನ್ನ ಬಿಟ್ಟು ಪಕ್ಕದ್ದು ಕಿತ್ತೀರಿ. ಮೊದಲು ಏನಾಯ್ತು ಹೇಳಿ."

ಡಾಕ್ಟರು ಹೇಳಿದರು. ವಾರಕ್ಕೊಮ್ಮೆ ಹೊಸ ನೀರು ಬೆರೆಸುವುದು ಮೊದಲಿಂದಲೂ ಅವರದೇ ಕೆಲಸ. ಡ್ರಮ್ಮಿನ ನೀರಿಗೆ ಉಪ್ಪು ಸುರಿದು, ಪೂರ್ತಿ ಕರಗಿದ ಮೇಲೆ ಅಳತೆ ಡಬ್ಬಿ ಅದ್ದುವುದು. ಅಂಗೈಯಗಲದ ಆ ಪಾರದರ್ಶಕ ಡಬ್ಬಿಯೊಳಗೆ ಒಂದು ಮುಳ್ಳು. ನೀರು ಉಪ್ಪಾದಷ್ಟೂ ಮೇಲೇಳುತ್ತದೆ. ಹಸಿರು ಗೆರೆ ಮುಟ್ಟುವವರೆಗೆ ಉಪ್ಪು. ಆಮೇಲೆ ತೊಟ್ಟಿಯ ಒಂದಷ್ಟು ಹಳೆಯ ನೀರು ತೆಗೆದು ಇದನ್ನು ಹಾಕುವುದು. ಅಳತೆ ಒಮ್ಮೆಯೂ ತಪ್ಪಿರಲಿಲ್ಲ. ಆದರೆ ಮೊನ್ನೆ, ಬಾಮೈದ ಚೊಂಬಿನಿಂದ ತೊಟ್ಟಿಗೆ ಏನೋ ಸುರಿಯುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಕೇಳಿದರೆ ಬಾಯಿ ಬಿಟ್ಟಿರಲಿಲ್ಲ. ಮೀನುಗಳನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಹಿಂದೆ ಹೇಳಿದವನೂ ಅವನೇ.

ಇನ್ಸ್‌ಪೆಕ್ಟರು ಅವನತ್ತ ತಿರುಗಿದರು.

"ಏನಪ್ಪಾ ಸುರಿದೆ?"

"ನೀರು ಸಾರ್."

"ಯಾವ ನೀರು?"

"ಕುಡಿಯೋ ನೀರು. ಸಪ್ಪೆ ನೀರು."

ಡಾಕ್ಟರು ಕುಳಿತಲ್ಲಿಂದ ಎದ್ದರು. "ಕೇಳಿದ್ರಾ? ಸಮುದ್ರದ ಮೀನಿಗೆ ಸಪ್ಪೆ ನೀರು ಹಾಕಿದಾನೆ."

"ಹೀಗಂತೀರಾ ಅಂತಲೇ ಹೇಳ್ಲಿಲ್ಲ ಭಾವ," ಎಂದ ಅವನು. "ಆಸ್ಪತ್ರೇಲಿ ಅಕ್ಕ ಹೇಳಿದ್ಲು — ಆರಿ ಹೋಗೋದು ನೀರು ಕಣೋ, ಉಪ್ಪಲ್ಲ. ಮಟ್ಟ ತಗ್ಗಿದ್ರೆ ಸಪ್ಪೆ ನೀರೇ ಹಾಕು, ಅಂತ. ಅವನ್ನ ನೋಡ್ತಿದ್ರೆ ಅವಳ ನೆನಪಾಗುತ್ತೆ. ಅದಕ್ಕೇ ಕೊಟ್ಬಿಡೋಣ ಅಂದಿದ್ದು."

ಇನ್ಸ್‌ಪೆಕ್ಟರು ತೊಟ್ಟಿಯ ನೀರನ್ನು ಕೂಡಲೇ ಅದೇ ಡಬ್ಬಿಯಿಂದ ಅಳೆಯಿಸಿದರು. ಮುಳ್ಳು ಹಸಿರು ಗೆರೆಯ ಮೇಲೇ ನಿಂತಿತು. ಉಪ್ಪು ಕಡಿಮೆಯಾಗಿರಲಿಲ್ಲ. ಹಾಗಾದರೆ ವಿಷ, ಎಂದರು ಡಾಕ್ಟರು.

ಹಲ್ಲು ಮತ್ತೆ ಕುಟುಕಿತು. ಬಾಯಿ ಮುಕ್ಕಳಿಸಲು ಬಿಸಿನೀರು ಬೇಕೆಂದು ಇನ್ಸ್‌ಪೆಕ್ಟರು ಹಿಂದಿನ ಅಡುಗೆಮನೆಗೆ ಹೋದರು. ಮರಳಿ ಬಂದಾಗ ಅವರ ಕೈಯಲ್ಲಿ ಒಂದು ಪುಟ್ಟ ಹಲ್ಲುಜ್ಜುವ ಬ್ರಷ್ — ಗುಲಾಬಿ ಹಿಡಿ, ತೀರ ಮೆದು ಎಳೆ.

"ನಿಮಗೆ ಮಕ್ಕಳಿಲ್ಲ. ಲೋಟದ ಸ್ಟ್ಯಾಂಡಿನಲ್ಲಿ ಮಕ್ಕಳ ಬ್ರಷ್ ಯಾಕಿದೆ?"

ಡಾಕ್ಟರಿಗೆ ತಿಳಿಯದು. ಅದನ್ನು ಅವರು ನೋಡಿಯೇ ಇರಲಿಲ್ಲ.

"ಅಳತೆ ಮುಗಿದ ಮೇಲೆ ಆ ಡಬ್ಬಿ ಎಲ್ಲಿಡ್ತಿದ್ರಿ?"

"ಸಿಂಕಿನ ಪಕ್ಕ."

"ತೊಳೆದು?"

"ಯಾಕೆ ತೊಳೀಬೇಕು? ಮುಂದಿನ ವಾರ ಅಲ್ಲೇ ಇರ್ತಿತ್ತು. ಶುಭ್ರವಾಗೇ—" ಡಾಕ್ಟರ ಕಣ್ಣು ಬ್ರಷ್‌ನತ್ತ ಹೋಯಿತು.

"ಅಕ್ಕ ಆ ಡಬ್ಬೀನ ಈ ಬ್ರಷ್‌ನಲ್ಲೇ, ಕಾಫಿ ಲೋಟದ ಜೊತೆ ಉಜ್ಜಿಡ್ತಿದ್ಲು," ಎಂದ ಬಾಮೈದ, ಮೆಲ್ಲಗೆ. "ಅದೂ ಒಂದು ಕೆಲಸ ಅಂತ ನಂಗೂ ಅನ್ನಿಸಿರಲಿಲ್ಲ."

ಇನ್ಸ್‌ಪೆಕ್ಟರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಳ್ಳಿನ ಉದ್ದಕ್ಕೂ ಬಿಳಿಯ ಪೊರೆ. ಹಲ್ಲಿಗೆ ಕಟ್ಟುವ ಗಾರೆಯಂಥದೇ, ನೀರಿಗೆ ಕರಗದಷ್ಟು ಗಟ್ಟಿ. ವಿನೆಗರ್‌ನಲ್ಲಿ ನೆನೆಸಿ, ಆ ಬ್ರಷ್‌ನಿಂದಲೇ ಉಜ್ಜಿ, ಅದೇ ತೊಟ್ಟಿಯ ನೀರಲ್ಲಿ ಮತ್ತೆ ಅದ್ದಿದರು. ಮುಳ್ಳು ಹಸಿರು ಗೆರೆ ದಾಟಿತು. ಅಪಾಯದ ಕೆಂಪು ಗೆರೆಯನ್ನೂ ದಾಟಿತು. ಕೊನೆಗೆ ಹೋಗಿ ತಗುಲಿ ನಿಂತಿತು.

"ಗಾರೆ ಕಟ್ಟಿದ ಮುಳ್ಳು ಭಾರ ಡಾಕ್ಟ್ರೇ. ಏಳಬೇಕಾದಷ್ಟು ಏಳಲ್ಲ. ನೀವು ಉಪ್ಪು ಸಾಲದು ಅಂದ್ಕೊಂಡು ಇನ್ನಷ್ಟು ಸುರಿದ್ರಿ. ಮುಂದಿನ ವಾರ ಇನ್ನೂ ಅಷ್ಟು. ಹುಡುಗ ಹಾಕಿದ ಸಪ್ಪೆ ನೀರಿನ ಪುಣ್ಯ, ಅವು ಇಲ್ಲೀವರೆಗೆ ಬದುಕಿದ್ದು." ಅವರು ಡಬ್ಬಿಯನ್ನೂ ಬ್ರಷ್ಷನ್ನೂ ಮೇಜಿನ ಮೇಲಿಟ್ಟರು. "ಬೆಳಗಿಂದ ಸಂಜೆವರೆಗೆ ಊರವರ ಹಲ್ಲಿನ ಗಾರೆ ಕೆರೀತೀರಿ. ಇದು ಕಾಣಲಿಲ್ಲ. ಕೊಂದವರು ನೀವೇ."

ಡಾಕ್ಟರು ಡಬ್ಬಿ ಮತ್ತು ಬ್ರಷ್ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಬಾಮೈದ ಚೀಲ ಕೆಳಗಿಟ್ಟು ಚೊಂಬು ತುಂಬಿಕೊಂಡ. ಒಮ್ಮೆಲೇ ಸುರಿದರೆ ಉಳಿದದ್ದೂ ಸಾಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಬಿಡತೊಡಗಿದ. ಕಿತ್ತಳೆ ಮೀನು ಅಲುಗಲಿಲ್ಲ; ಕಿವಿರು ಮಾತ್ರ ತೆರೆದು ಮುಚ್ಚುತ್ತಿತ್ತು.

ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಬಾಮೈದ ಹೋಗಿ ನೋಡಿದರೆ, ಡಾಕ್ಟರು ಆಗಲೇ ಶುಭ್ರವಾಗಿದ್ದ ಮುಳ್ಳನ್ನು ಆ ಪುಟ್ಟ ಬ್ರಷ್‌ನಿಂದ ಇನ್ನೂ ಉಜ್ಜುತ್ತಿದ್ದರು.

"ಸಾಕು ಭಾವ," ಎಂದು ಅವನೇ ಕೈ ಚಾಚಿ ನಲ್ಲಿ ನಿಲ್ಲಿಸಿದ.